ಅಡಿಲೇಡಿನಲ್ಲಿ ಐದು ದಿನ: ಬಸ್ಸಿಗೆ ಎರಡು ಸ್ಟಾರು, ಬರೋಸಾಕ್ಕೆ ಪೂರ್ತಿ ಐದು

ಮೆಲ್ಬರ್ನಿನಿಂದ ಹಾರಿ ಅಡಿಲೇಡಿನಲ್ಲಿ ಇಳಿದ ಮೇಲೆ ನಾವು ಮಾಡಿದ ಮೊದಲ ಕೆಲಸ, ಮಗಳು ಕಟ್ಟಿಕೊಟ್ಟಿದ್ದ ಎರಡು ಕಿತ್ತಳೆ ಹಣ್ಣನ್ನು ವಿಮಾನ ನಿಲ್ದಾಣದ ತೊಟ್ಟಿಗೆ ಹಾಕಿದ್ದು. ದಕ್ಷಿಣ ಆಸ್ಟ್ರೇಲಿಯಾದ ಒಳಗೆ ಬೇರೆ ರಾಜ್ಯದ ಹಣ್ಣು ತರುವ ಹಾಗಿಲ್ಲ, ಹಣ್ಣುನೊಣದ ಭಯ. ಇವರಿಗೆ ಹೊಟ್ಟೆ ಉರಿಯಿತು. "ವಿಮಾನದಲ್ಲೇ ತಿಂದು ಮುಗಿಸಬಹುದಿತ್ತಲ್ಲೇ" ಅಂದರು. ಎರಡನೇ ಕೆಲಸ, ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದ್ದು. ಆಗ ನೋಡುತ್ತೇನೆ, ಇಲ್ಲಿಯ ಗಡಿಯಾರದ ದೊಡ್ಡ ಮುಳ್ಳು ನಮ್ಮೂರಿನ ಮುಳ್ಳಿನ ಜೊತೆಗೇ ಓಡುತ್ತಿದೆ! ಮಾರ್ಚ್ ತಿಂಗಳಲ್ಲಿ ಸರಿಯಾಗಿ ಐದು ಗಂಟೆ ಮುಂದೆ, ಅಷ್ಟೇ. ಮೆಲ್ಬರ್ನಿನಿಂದ ನಮ್ಮೂರು ಸಾಗರಕ್ಕೆ ಫೋನ್ ಮಾಡುವಾಗ ಐದೂವರೆ ಗಂಟೆ ಕಳೆಯಲು ಹೋಗಿ ಎರಡು ಸಲ ಅತ್ತೆಯನ್ನು ನಿದ್ದೆಯಿಂದ ಎಬ್ಬಿಸಿದ ನನಗೆ ಈ ಊರು ಅಲ್ಲಿಯೇ ಅರ್ಧ ಇಷ್ಟವಾಗಿಬಿಟ್ಟಿತು.

ನಮ್ಮ ಮದುವೆಯಾಗಿ 35 ವರ್ಷ ತುಂಬಿದ ನೆಪಕ್ಕೆ ಮಗಳು ಮಾಡಿಕೊಟ್ಟ ಪ್ರವಾಸ ಇದು. ನಾವಿಬ್ಬರೂ ಸಸ್ಯಾಹಾರಿಗಳು. ಇವರು ವರ್ಷಕ್ಕೊಮ್ಮೆ ಅಳಿಯನ ಜೊತೆ ಒಂದು ಗ್ಲಾಸು ಹಿಡಿಯುತ್ತಾರೆ, ನಾನು ಅದೂ ಇಲ್ಲ. ಇಂಥವರಿಗೆ ಬರೋಸಾದಂಥ ವೈನ್ ದ್ರಾಕ್ಷಿಯ ಸೀಮೆಯಲ್ಲಿ ಏನು ಕೆಲಸ ಎಂದು ನಾನೇ ಕೇಳಿದ್ದೆ. ನಮ್ಮ ವಯಸ್ಸಿನ ಯಾರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಉಳಿದುಕೊಂಡಿದ್ದು ಗ್ಲೆನೆಲ್ಗ್ ಎಂಬ ಕಡಲತೀರದ ಬಡಾವಣೆಯಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಹಿಂದಿನಿಂದ ಓದಿದರೂ ಅದೇ ಹೆಸರು ಬರುತ್ತದೆ, ನಮ್ಮ ವಿಕಟಕವಿ ಥರ. ಅಪಾರ್ಟ್‌ಮೆಂಟಿನ ಹೆಸರು ಹೇಳುವುದಿಲ್ಲ. 'ಸಮುದ್ರ ಕಾಣುವ ಕೋಣೆ' ಎಂದು ದುಡ್ಡು ತೆಗೆದುಕೊಂಡಿದ್ದರು. ಕಾಣುತ್ತದೆ, ಸುಳ್ಳಲ್ಲ, ಬಾಲ್ಕನಿಯ ಬಲತುದಿಗೆ ಹೋಗಿ ಕತ್ತು ಹೊರಗೆ ಚಾಚಿದರೆ ಎರಡು ಕಟ್ಟಡಗಳ ನಡುವೆ ಒಂದು ಸೀರೆಯಂಚಿನಷ್ಟು ನೀಲಿ. ಆದರೆ ಒಲೆ, ಪಾತ್ರೆ, ಫ್ರಿಜ್ ಎಲ್ಲ ಇದ್ದಿದ್ದರಿಂದ ಕ್ಷಮಿಸಿದೆ. ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ ತಿಳಿಸಾರು. ಮಾರ್ಚ್ ಈ ಊರಿನ ಹಬ್ಬದ ಕಾಲ, ಫ್ರಿಂಜ್ ಉತ್ಸವ ನಡೆಯುತ್ತಿರುತ್ತದೆ. ಕೋಣೆ ಬೇಗ ಹಿಡಿಯದಿದ್ದರೆ ಬಾಡಿಗೆ ಗಗನಕ್ಕೇರುತ್ತದೆ.

ತೀರ ಮಾತ್ರ ಅಪ್ಪಟ. ಅದು ಕೊಲ್ಲಿ, ತೆರೆದ ಸಾಗರವಲ್ಲ, ಹಾಗಾಗಿ ಅಲೆಗಳು ಮೆತ್ತಗೆ. ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯ ಹೊನ್ನಾವರದಲ್ಲಿ ಮುಳುಗಿದ ಹಾಗೆಯೇ ನೀರಿನೊಳಗೆ ಮುಳುಗುತ್ತಾನೆ, ಸಂಜೆ ಏಳೂವರೆ ದಾಟಿದ ಮೇಲೆ. 215 ಮೀಟರ್ ಉದ್ದದ ಜೆಟ್ಟಿ ಇದೆ. 1859ರ ಹಳೆಯದು 1948ರ ಬಿರುಗಾಳಿಗೆ ಹೋಯಿತಂತೆ, ಈಗಿರುವುದು 1969ರದ್ದು. ಅದರ ತುದಿಯಲ್ಲಿ ಏಡಿ ಹಿಡಿಯುವ ಮುದುಕರ ಪಕ್ಕ ಕೂತು ನಾವು ಐದು ಸಂಜೆಯಲ್ಲಿ ನಾಲ್ಕು ಕಳೆದೆವು. ಟಿಕೆಟ್ ಇಲ್ಲ, ಗೈಡ್ ಇಲ್ಲ.

ಗ್ಲೆನೆಲ್ಗ್‌ನಿಂದ ಊರೊಳಗೆ ಟ್ರಾಮ್. 1958ರಲ್ಲಿ ಉಳಿದ ದಾರಿಗಳನ್ನೆಲ್ಲ ಕಿತ್ತುಹಾಕಿದಾಗ ಇದೊಂದನ್ನು ಉಳಿಸಿಕೊಂಡರಂತೆ, ಪುಣ್ಯಾತ್ಮರು. ನಗರದ ನಡುಭಾಗದಲ್ಲಿ ಟ್ರಾಮ್ ಪುಕ್ಕಟೆ, ಗ್ಲೆನೆಲ್ಗ್‌ನ ಜೆಟ್ಟಿ ರಸ್ತೆಯಲ್ಲೂ ಪುಕ್ಕಟೆ. ಮಧ್ಯದ ದಾರಿಗೆ ಮಾತ್ರ ದುಡ್ಡು. ಊರನ್ನು 1837ರಲ್ಲಿ ಕರ್ನಲ್ ಲೈಟ್ ಎಂಬವನು ಚದುರಂಗದ ಮಣೆಯ ಹಾಗೆ ಅಳೆದು, ಸುತ್ತಲೂ ಉದ್ಯಾನದ ಪಟ್ಟಿ ಬಿಟ್ಟಿದ್ದಾನೆ. ಎತ್ತ ನಡೆದರೂ ಕೊನೆಗೆ ಮರದ ನೆರಳು ಸಿಗುತ್ತದೆ. ಸೆಂಟ್ರಲ್ ಮಾರ್ಕೆಟ್ಟಿಗೆ ಭಾನುವಾರ ಹೋಗಬೇಡಿ. ನಾವು ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆವು, ವಿಚಾರಿಸದ ತಪ್ಪು ನಮ್ಮದೇ. 1869ರಿಂದ ನಡೆಯುತ್ತಿರುವ ಸಂತೆ ಅದು. ಮತ್ತೆ ಹೋದಾಗ ನಾಲ್ಕು ಬಗೆಯ ಅಣಬೆ, ಉಪ್ಪಿನಲ್ಲಿ ಹಾಕಿದ ಆಲಿವ್ ಕೊಂಡೆ. ಆಲಿವ್ ಎಂದರೆ ನಮ್ಮ ಮಾವಿನ ಮಿಡಿಯ ಬಡ ನೆಂಟ, ಖಾರ ಮರೆತವನು.

ಇನ್ನು ಇವರ ತೀರ್ಥಯಾತ್ರೆ. ಅಡಿಲೇಡ್ ಓವಲ್ ಮೈದಾನದ ಒಳಗೆ ತಿರುಗಾಡಿಸಿ ತೋರಿಸುತ್ತಾರೆ. 1911ರ ಸ್ಕೋರ್ ಬೋರ್ಡು ಇಂದಿಗೂ ಕೈಯಿಂದಲೇ ಅಂಕಿ ತಿರುಗಿಸುವಂಥದ್ದು, ಅದರ ಹೊಟ್ಟೆಯೊಳಕ್ಕೂ ಹತ್ತಿಸುತ್ತಾರೆ. ಉತ್ತರದ ಹುಲ್ಲುದಿಬ್ಬ, ಅದರ ಹಿಂದೆ ಆಲದ ಜಾತಿಯ ದೊಡ್ಡ ಮರಗಳು, ಅದರಾಚೆ ಚರ್ಚಿನ ಜೋಡಿ ಗೋಪುರ. ಇವರು ದಿಬ್ಬದ ಮೇಲೆ ನಿಂತು 2003ರ ಡಿಸೆಂಬರ್ ಟೆಸ್ಟನ್ನು ಪೂರ್ತಿ ಮತ್ತೆ ಆಡಿಸಿದರು. ಆಸ್ಟ್ರೇಲಿಯಾ ಮೊದಲು 556, ಅದರಲ್ಲೂ ನಮ್ಮ ಕುಂಬ್ಳೆಗೆ ಐದು ವಿಕೆಟ್. ಆಮೇಲೆ ದ್ರಾವಿಡ್ 233. ಎರಡನೇ ಸಲ ಔಟಾಗದೆ 72, ಗೆಲುವಿನ ಬೌಂಡರಿಯೂ ಅವನದೇ, ಮ್ಯಾಕ್‌ಗಿಲ್‌ನ ಚೆಂಡಿಗೆ ಕಟ್. "ತಂಡ ಎರಡನೇ ಇನಿಂಗ್ಸಿನಲ್ಲಿ ಹೊಡೆದದ್ದೂ 233ನೇ, ಗೊತ್ತಾ?" ಗೊತ್ತು, 20 ವರ್ಷದಿಂದ ಗೊತ್ತು. ಫೋಟೋ ಕಳಿಸಿದ ಐದು ನಿಮಿಷಕ್ಕೆ ಅಳಿಯನ ಉತ್ತರ ಬಂತು: "ಮಾವ, 36 ಎಲ್ಲಿ ಬರೆದಿಟ್ಟಿದ್ದಾರೆ?" 2020ರಲ್ಲಿ ಇದೇ ಮೈದಾನದಲ್ಲಿ ನಮ್ಮವರು 36ಕ್ಕೆ ಮುದುಡಿದ್ದರಲ್ಲ. ಇವರು ಫೋನ್ ಜೇಬಿಗೆ ಹಾಕಿಕೊಂಡು ಮುಂದೆ ನಡೆದರು.

ಈಗ ಬಸ್ಸಿನ ಕಥೆ. ಎರಡು ಸ್ಟಾರು ಕೊಟ್ಟಿದ್ದು ಇದಕ್ಕೆ. ದಕ್ಷಿಣಕ್ಕೆ ಮುಕ್ಕಾಲು ಗಂಟೆ ದೂರದ ಮೆಕ್‌ಲಾರೆನ್ ವೇಲ್‌ಗೆ ಒಂದು ದಿನದ ವೈನ್ ಪ್ರವಾಸ, ಚಿಕ್ಕ ಬಸ್ಸು, ಹದಿನೆಂಟು ಜನ. ನಾಲ್ಕು ಸೆಲ್ಲಾರ್ ಡೋರ್ ತೋರಿಸುತ್ತೇವೆ ಅಂದಿದ್ದರು, ತೋರಿಸಿದರು. ಪ್ರತಿಯೊಂದಕ್ಕೂ ಇಪ್ಪತ್ತೈದು ನಿಮಿಷ. (ಸೆಲ್ಲಾರ್ ಡೋರ್ ಎಂದರೆ ವೈನ್ ಮಾಡುವವರ ಮನೆಬಾಗಿಲಲ್ಲೇ ರುಚಿ ನೋಡಿ ಕೊಳ್ಳುವ ಕೋಣೆ.) ಗ್ಲಾಸು ಮೂಗಿನ ಹತ್ತಿರ ತರುವಷ್ಟರಲ್ಲಿ ಡ್ರೈವರ್ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟುತ್ತಿದ್ದ. ನಾನು ನೋಡಬೇಕೆಂದುಕೊಂಡಿದ್ದ ಡಾರೆನ್‌ಬರ್ಗ್ ಕ್ಯೂಬ್, ಐದಂತಸ್ತಿನ, ರೂಬಿಕ್ ಘನವನ್ನು ಅರ್ಧ ತಿರುಗಿಸಿ ಬಿಟ್ಟಂತಿರುವ ಕಟ್ಟಡ, ಕಿಟಕಿಯಲ್ಲಿ ಬಂದು ಹೋಯಿತು. ಊಟಕ್ಕೆ ಸಸ್ಯಾಹಾರ ಎಂದು ಬುಕ್ ಮಾಡುವಾಗಲೇ ಬರೆದಿದ್ದೆವು. ಬಂದದ್ದು ಉಳಿದವರದೇ ತಟ್ಟೆ, ಮಾಂಸ ಎತ್ತಿಟ್ಟ ಜಾಗ ಖಾಲಿ ಇತ್ತು. ಅದರ ಪಸೆ ಹಾಗೆಯೇ ಇತ್ತು. ಮೂರು ತುಂಡು ಚೀಸು, ಒಂದು ಹಿಡಿ ದ್ರಾಕ್ಷಿ ತಿಂದು ಸಂಜೆ ನಾಲ್ಕಕ್ಕೆ ವಾಪಸು. ಹೇಳಿದ್ದಕ್ಕೆ 'ಮುಂದಿನ ಸಲ ಗಮನಿಸುತ್ತೇವೆ' ಎಂಬ ಉತ್ತರ. ಮುಂದಿನ ಸಲ ಯಾರು ಹೋಗುತ್ತಾರೆ?

ಆ ಸಿಟ್ಟಿನಲ್ಲೇ ಮರುದಿನ ಬಾಡಿಗೆ ಕಾರು ತೆಗೆದುಕೊಂಡೆವು. ನಮ್ಮ ಹಾಗೆಯೇ ಎಡಗಡೆ ಓಡಿಸುವ ದೇಶ, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ಸಾಕಾಯಿತು. ಆದರೆ ರಕ್ತದಲ್ಲಿ 0.05ರಷ್ಟು ಆಲ್ಕೋಹಾಲ್ ಬಂದರೆ ಸಿಕ್ಕಿಬಿದ್ದ ಹಾಗೇ. ಡ್ರೈವಿಂಗ್ ಇವರಿಗೆ ಮಾತ್ರ ಬರುತ್ತದೆ. ಅಂದರೆ ವೈನ್ ಕುಡಿಯಬೇಕಾದವಳು ನಾನು! ಇವರ ಮುಖ ನೋಡಬೇಕಿತ್ತು.

ಬರೋಸಾ ಕಣಿವೆ ಈಶಾನ್ಯಕ್ಕೆ ಒಂದು ಗಂಟೆಯ ದಾರಿ. (ಮಗಳು ಫೋನಿನಲ್ಲಿ ಹೇಳಿದಾಗ ನನಗೆ 'ಭರೋಸಾ' ಎಂದೇ ಕೇಳಿಸಿತ್ತು.) 1842ರಲ್ಲಿ, ತಮ್ಮ ರಾಜ ಹೇಳಿದ ರೀತಿಯಲ್ಲಿ ಪೂಜೆ ಮಾಡಲೊಪ್ಪದೆ ದೇಶ ಬಿಟ್ಟುಬಂದ ಜರ್ಮನ್ ಲೂಥರನ್ನರು ಇಲ್ಲಿ ನೆಲೆ ನಿಂತರು. ಇವತ್ತಿಗೂ ಚರ್ಚು, ಬೇಕರಿ, ಬೀದಿ ಹೆಸರುಗಳಲ್ಲಿ ಜರ್ಮನ್ ವಾಸನೆ. ತನುಂಡಾ ಊರಿನ ಲ್ಯಾಂಗ್‌ಮೀಲ್‌ನಲ್ಲಿ 1843ರಲ್ಲಿ ನೆಟ್ಟ, ಶಿರಾಜ್ ಎಂಬ ಕೆಂಪು ವೈನ್ ದ್ರಾಕ್ಷಿಯ ಬಳ್ಳಿಗಳು ಈಗಲೂ ಫಲ ಕೊಡುತ್ತಿವೆ. ಬಳ್ಳಿ ಅನ್ನಲು ನಾಲಿಗೆ ಏಳುವುದಿಲ್ಲ, ತೊಡೆಗಾತ್ರದ ತಿರುಚಿದ ಕಾಂಡ, ತೊಗಟೆ ಸಿಪ್ಪೆ ಸಿಪ್ಪೆ. ಮುಟ್ಟೋಣವೆಂದು ಕಾಲು ಮುಂದಿಟ್ಟೆ, ಇವರು ರಟ್ಟೆ ಹಿಡಿದೆಳೆದು ಫಲಕ ತೋರಿಸಿದರು: ತೋಟದೊಳಗೆ ಕಾಲಿಡಬೇಡಿ. ಫಿಲೋಕ್ಸೆರಾ ಎಂಬ ಹೇನಿನಂಥ ಹುಳ ಬೇರು ತಿಂದು 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿತೋಟಗಳನ್ನು ಬೋಳು ಮಾಡಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಕಾಲಿಟ್ಟಿಲ್ಲ, ನಮ್ಮ ಚಪ್ಪಲಿಯ ಮಣ್ಣಿನಲ್ಲಿ ಬರಬಾರದು. ಕೊಳೆರೋಗಕ್ಕೆ ತೋಟ ಕಳೆದುಕೊಂಡವರ ಮನೆಯಿಂದ ಬಂದ ನನಗೆ ಮತ್ತೆ ಹೇಳಿಸಿಕೊಳ್ಳಬೇಕಾಗಲಿಲ್ಲ. ಕಿತ್ತಳೆ ಹಣ್ಣಿನ ವಿಷಯದಲ್ಲಿ ಇವರ ಸಿಟ್ಟೂ ಆಗಲೇ ಇಳಿದದ್ದು.

ರುಚಿ ನೋಡಿಸಿದ ಹೆಂಗಸು ನನ್ನ ಮಗಳ ವಯಸ್ಸಿನವಳು, ಅವಸರವೇ ಇಲ್ಲ. ಮೊದಲು ಬಣ್ಣ ನೋಡಿ, ಗ್ಲಾಸು ತಿರುಗಿಸಿ, ಮೂಸಿ, ಬಾಯಲ್ಲಿ ಹೊರಳಿಸಿ, ಬೇಡವಾದರೆ ಈ ಪಾತ್ರೆಗೆ ಉಗಿಯಿರಿ ಅಂದಳು. ಇವರು ಎಷ್ಟು ಲೀಲಾಜಾಲವಾಗಿ ಉಗಿದರೆಂದರೆ ಅವಳಿಗೇ ಆಶ್ಚರ್ಯ. ನಲವತ್ತು ವರ್ಷ ಕವಳ ಹಾಕಿದ ಬಾಯಿ ಅದು. ಶಿರಾಜ್ ಬಣ್ಣ ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು "ಚೊಗರು!" ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು, ಅದೇ. ಬಾಯಿಗೆ ಹಾಕಿದರೆ ಒಸಡು ಬಿಗಿಹಿಡಿಯುವ ಒಗರು. ಅವಳು 'ಟ್ಯಾನಿನ್' ಎಂದು ಐದು ನಿಮಿಷ ವಿವರಿಸಿದ್ದು ಇದನ್ನೇ. ಗ್ರೆನಾಶ್ ಎಂಬುದು ತೆಳು, ಮುರುಗಲು ಪಾನಕಕ್ಕೆ ಹತ್ತಿರ. ಈಡನ್ ವ್ಯಾಲಿಯ ರೀಸ್ಲಿಂಗ್ ಬಿಳಿಯದು, ನಿಂಬೆ ಸಿಪ್ಪೆ ಚಿವುಟಿದ ಹಾಗೆ. ನನಗೆ ಮೆಚ್ಚಿಗೆಯಾದದ್ದು ಇದು. ಎಲ್ಲ ಒಂದೊಂದು ಗುಟುಕು, ಉಳಿದದ್ದು ಪಾತ್ರೆಗೆ.

ಸಸ್ಯಾಹಾರಿಗಳು ಗಮನಿಸಿ: ವೈನ್ ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಅಂಶ, ಮೀನಿನ ಅಂಟು ಬಳಸುತ್ತಾರೆ. ಮೊಟ್ಟೆ, ಹಾಲಿನ ಸಂಗತಿ ಬಾಟಲಿಯ ಹಿಂಬದಿ ಚೀಟಿಯಲ್ಲಿ ಇರುತ್ತದೆ, ಮೀನಿನದನ್ನು ಬಾಯಿಬಿಟ್ಟು ಕೇಳಿ. ನಾನು ಕೇಳಿದೆ, ಅವಳು ನಗಲಿಲ್ಲ, ಯಾವುದು ನಡೆಯುತ್ತದೆ ಎಂದು ಬಾಟಲಿ ಎತ್ತಿ ಬೇರೆ ಇಟ್ಟಳು.

ಮಧ್ಯಾಹ್ನ ಮೆಂಗ್ಲರ್ ಗುಡ್ಡದ ಮೇಲೆ ಕಣಿವೆ ನೋಡುತ್ತ ಡಬ್ಬಿಯ ಚಿತ್ರಾನ್ನ.

ಆಮೇಲೆ ಸೆಪೆಲ್ಟ್ಸ್‌ಫೀಲ್ಡ್. ದಾರಿಯುದ್ದಕ್ಕೂ ಸುಮಾರು 2000 ಖರ್ಜೂರ ಜಾತಿಯ ಮರಗಳು. 1930ರ ದಶಕದ ಬರಗಾಲದಂಥ ಆರ್ಥಿಕ ಕಷ್ಟದಲ್ಲಿ ಆಳುಗಳನ್ನು ಬಿಡಲು ಮನಸ್ಸಿಲ್ಲದೆ, ಅವರಿಗೆ ಕೆಲಸ ಕೊಡಲೆಂದು ನೆಡಿಸಿದ್ದಂತೆ. 1851ರಲ್ಲಿ ಜೋಸೆಫ್ ಸೆಪೆಲ್ಟ್ ಬಂದದ್ದು ಹೊಗೆಸೊಪ್ಪು ಬೆಳೆಯಲು, ಅದು ಆಗಿಬರಲಿಲ್ಲ, ದ್ರಾಕ್ಷಿ ಹಾಕಿದ. ಮಗ ಬೆನ್ನೊ 1878ರಲ್ಲಿ ಒಂದು ಪೀಪಾಯಿ ತುಂಬಿಸಿ, ನೂರು ವರ್ಷ ಮುಟ್ಟಕೂಡದು ಎಂದು ಇಟ್ಟ. ಅಂದಿನಿಂದ ಪ್ರತಿ ವರ್ಷವೂ ಒಂದೊಂದು ವರ್ಷದ್ದನ್ನು ಹಾಗೇ ಇಡುತ್ತ ಬಂದಿದ್ದಾರೆ. ರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಬ್ರಾಂಡಿ ಬೆರೆಸಿ ಹುದುಗು ನಿಲ್ಲಿಸಿದ ವೈನ್ ಇದು, ಹಾಗಾಗಿ ಸಿಹಿ ಉಳಿದಿರುತ್ತದೆ, ಟಾನಿ ಅನ್ನುತ್ತಾರೆ. ಮೊದಲೇ ಕಾಯ್ದಿರಿಸಿದರೆ ನೀವು ಹುಟ್ಟಿದ ವರ್ಷದ ಪೀಪಾಯಿಯಿಂದ ರುಚಿ ನೋಡಬಹುದು. ದುಬಾರಿ. ಮಗಳ ಉಡುಗೊರೆ ಇದೇ.

ಇವರದು 1961, ನನ್ನದು 1966. ಮಬ್ಬು ಬೆಳಕು, ಕಪ್ಪಿಟ್ಟ ಮರದ ಪೀಪಾಯಿಗಳ ಮೇಲೆ ವರ್ಷಗಳು ಸಾಲಾಗಿ, ಹಲಗೆ ಹಾಸಿನಿಂದ ಒಣದ್ರಾಕ್ಷಿಯಂಥ ಗಮಲು. ಗ್ಲಾಸಿಗೆ ಬಿದ್ದದ್ದು ಒಂದೆರಡು ಚಮಚ. ಓರೆ ಮಾಡಿದರೆ ಗಾಜಿಗೆ ಕಂದು ಬಣ್ಣ ಬಳಿದುಕೊಂಡು ನಿಧಾನಕ್ಕೆ ಇಳಿಯುತ್ತದೆ. ಜೋನಿ ಬೆಲ್ಲ! ಹಳೇ ಕೊಡದ ತಳದ ಜೋನಿ ಬೆಲ್ಲಕ್ಕೆ ಒಂದು ಚೂರು ಹುಳಿ, ಒಂದು ಚೂರು ಸುಟ್ಟ ವಾಸನೆ ಸೇರಿದರೆ ಅದೇ. ಇವರದು ಇನ್ನೂ ಗಟ್ಟಿ. "ಐದು ವರ್ಷ ಹೆಚ್ಚು ಕಾದಿದ್ದೀನಲ್ಲ" ಅಂದರು. ಉಗಿಯಲು ಪಾತ್ರೆ ಕೇಳುವಷ್ಟು ಧೈರ್ಯ ಆಗಲಿಲ್ಲ, ಪಂಚಾಮೃತದ ಹಾಗೆ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು ಉಳಿದದ್ದನ್ನು ನನ್ನ ಗ್ಲಾಸಿಗೆ ಬಗ್ಗಿಸಿದರು. ವಾಸನೆ ಕೈಬೆರಳಲ್ಲಿ ಸಂಜೆಯವರೆಗೂ ಇತ್ತು.

ವಾಪಸು ಬರುವಾಗ ವಿಲಿಯಮ್ಸ್‌ಟೌನ್ ಹತ್ತಿರ ಪಿಸುಗೋಡೆ ತಪ್ಪಿಸಬೇಡಿ. 36 ಮೀಟರ್ ಎತ್ತರದ ಬಾಗಿದ ಅಣೆಕಟ್ಟು, ನೂರು ವರ್ಷ ದಾಟಿದ್ದು. ಈ ತುದಿಯಲ್ಲಿ ಪಿಸುಗುಟ್ಟಿದ್ದು ನೂರು ಮೀಟರಿಗೂ ದೂರದ ಆ ತುದಿಯಲ್ಲಿ ಕಿವಿಯ ಪಕ್ಕವೇ ಕೇಳುತ್ತದೆ, ಗೋಲಗುಮ್ಮಟದ ತಂಗಿ. ಇವರು ಆಚೆ ತುದಿಗೆ ನಡೆದರು. ನಾನು ಗೋಡೆಗೆ ಕಿವಿಗೊಟ್ಟು ನಿಂತೆ. ಮದುವೆಯ 35ನೇ ವರ್ಷ, ಏನೋ ಹೇಳುತ್ತಾರೆ ಅಂತ ಆಸೆ. ಗೋಡೆ ಸ್ಪಷ್ಟವಾಗಿ ಹೇಳಿತು: "ಲೇ, ಬಿಪಿ ಮಾತ್ರೆ ತಗೊಂಡ್ಯಾ?"

ಕೊಳ್ಳುವವರಿಗೆ ಒಂದು ಮಾತು. ಒಂದೇ ವ್ಯಾಪಾರಿಯ ಹತ್ತಿರ 300 ಡಾಲರಿಗೆ ಕಡಿಮೆಯಿಲ್ಲದ ಹಾಗೆ ಕೊಂಡು, 60 ದಿನದೊಳಗೆ ದೇಶ ಬಿಟ್ಟರೆ ವಿಮಾನ ನಿಲ್ದಾಣದಲ್ಲಿ ಜಿಎಸ್‌ಟಿ ವಾಪಸು ಕೊಡುತ್ತಾರೆ, ವೈನ್‌ಗೆ ಅದರ ಮೇಲಿನ ಇನ್ನೊಂದು ತೆರಿಗೆಯೂ ಸಿಗುತ್ತದೆ. ಬಾಟಲಿಗಳನ್ನು ಲಗೇಜಿಗೆ ಹಾಕಿ ಕಳಿಸುವ ಮೊದಲೇ ಅಧಿಕಾರಿಗಳಿಗೆ ತೋರಿಸಬೇಕು. ಭಾರತಕ್ಕೆ ಒಬ್ಬೊಬ್ಬರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ನಾವು ಒಂದು ಕಡೆ 180, ಇನ್ನೊಂದು ಕಡೆ 170 ಡಾಲರಿಗೆ ಕೊಂಡಿದ್ದೆವು. ಮೂವತ್ತೆರಡು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದ ಮನುಷ್ಯ ಆ ಎರಡು ರಸೀದಿಯನ್ನು ಇನ್ನೂ ಪಾಕೀಟಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ.