ನೀರಿನ ಬಾಟಲಿಯಿಂದ ಬ್ರೇಕ್ ಆಯಿಲ್ ಹಾಕಿಸಿಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಜೀಪಿನ ಎಡಗಡೆ ಮಡ್‌ಗಾರ್ಡ್ ನುಗ್ಗಾಗಿದೆ, ನನ್ನ ಜೇಬು ಖಾಲಿಯಾಗಿದೆ, ಅಷ್ಟೇ. ಆದರೂ ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕೊನೆಯವರೆಗೂ ಓದಿ. ಕೊನೆಯಲ್ಲಿ ಒಂದು ಬಿಳಿ ಪಿಕಪ್ ವಿಷಯ ಇದೆ. ಅದು ನಿಮ್ಮದೇ ಇರಬಹುದು.

ನಾನು ಚಿತ್ರದುರ್ಗದವನು. ನನ್ನ ಹತ್ತಿರ 2014ರ ಫೋರ್ ಬೈ ಫೋರ್ ಜೀಪು ಇದೆ. ಗುಡ್ಡದ ಮೇಲಿನ ಗಾಳಿಯಂತ್ರ ರಿಪೇರಿ ಮಾಡುವ ಹುಡುಗರನ್ನು ಹತ್ತಿಸಿ ಇಳಿಸುವುದಕ್ಕೆ ಬಾಡಿಗೆಗೆ ಓಡುತ್ತೆ. ನಮ್ಮ ಕಡೆ ಅವಕ್ಕೆ ಫ್ಯಾನು ಅಂತಲೇ ಅನ್ನೋದು. ಓನರೂ ನಾನೇ, ಡ್ರೈವರೂ ನಾನೇ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಗಾಡಿ ಕಂಪನಿ ಹೆಸರು ಬೇಡ, ತಪ್ಪು ಗಾಡಿಯದ್ದಲ್ಲ.

ಆಷಾಢದಲ್ಲಿ ನಮಗೆ ಬಿಡುವೇ ಇರುವುದಿಲ್ಲ. ಗಾಳಿ ಬೀಸುವ ಕಾಲದಲ್ಲೇ ಕರೆಂಟು ಜಾಸ್ತಿ ಹುಟ್ಟೋದು. ಒಂದು ಫ್ಯಾನು ನಿಂತರೆ ಸಾಕು, ಕಂಟ್ರಾಕ್ಟರದ್ದು ಫೋನ್ ಮೇಲೆ ಫೋನ್. ಅದೇ ಹೊತ್ತಿಗೆ ಮುಂದಿನ ಚಕ್ರ ಕಿರ್ರ್ ಅನ್ನೋಕೆ ಶುರುವಾಯಿತು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯೋದು ಬ್ರೇಕ್ ಪ್ಯಾಡು. ಅದರ ಪಕ್ಕ ಒಂದು ತಗಡಿನ ನಾಲಿಗೆ ಇರುತ್ತೆ. ಪ್ಯಾಡು ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತೆ. ಪ್ಯಾಡ್ ಹಾಕಿಸು ಅಂತ ಅದರ ಅರ್ಥ.

ನಮ್ಮ ಮಾಮೂಲಿ ಮೆಕ್ಯಾನಿಕ್ ಊರಲ್ಲಿರಲಿಲ್ಲ, ಅವರ ತಂದೆಗೆ ಹುಷಾರಿಲ್ಲ ಅಂತ ಹಳ್ಳಿಗೆ ಹೋಗಿದ್ದ. ಎರಡು ದಿನ ಕಾಯಬಹುದಿತ್ತು. ಕಾಯಲಿಲ್ಲ. ಸೋಮವಾರ ಬೆಳಗ್ಗೆ ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹೋದೆ. ಹೆಸರು ಹೇಳುವುದಿಲ್ಲ, ಕೇಳಲೂಬೇಡಿ.

"ಒಂದು ಗಂಟೆ ಕೆಲಸ ಅಣ್ಣ. ಟೀ ಕುಡಿದು ಬನ್ನಿ, ರೆಡಿ ಇರುತ್ತೆ" ಅಂದ ಓನರು.

ಟೀ ಅಲ್ಲಿಗೇ ತರಿಸಿಕೊಂಡು ಕೂತೆ. ಸ್ಟೇಟಸ್ ಹಾಕೋಣ ಅಂತ ಮೊಬೈಲಲ್ಲಿ ಒಂದು ಫೋಟೋ ಹೊಡೆದೆ, 'ಜೀಪಿಗೂ ಒಂದು ದಿನ ರಜೆ' ಅಂತ ಬರೆದು. ಆ ಫೋಟೋ ಆಮೇಲೆ ಬೇರೆ ಕೆಲಸಕ್ಕೆ ಬಂತು.

ಅಲ್ಲಿ ಏನೇನು ನಡೆಯಿತು ಅಂತ ಈಗ ಬರೆಯುವಾಗ ನಾಚಿಕೆ ಆಗುತ್ತೆ. ಎಲ್ಲ ನನ್ನ ಕಣ್ಣೆದುರೇ ಆಯಿತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದವರು ಅದನ್ನು ಬ್ರೇಕ್ ಆಯಿಲ್ ಬರುವ ರಬ್ಬರ್ ಪೈಪಿನ ಮೇಲೇ ಜೋತು ಬಿಟ್ಟರು. ಕ್ಯಾಲಿಪರ್ ಭಾರ ಅಷ್ಟೂ ಆ ಪೈಪಿನ ಮೇಲೆ. ಒಂದು ತಂತಿ ತುಂಡು ತಗೊಂಡು ಸಸ್ಪೆನ್ಷನ್‌ಗೆ ಕಟ್ಟಿದ್ದರೆ ಮುಗಿದಿತ್ತು. ಕ್ಯಾಲಿಪರ್ ಹಿಂದೆ ಮುಂದೆ ಸರಿಯುವ ಪಿನ್ನುಗಳನ್ನು ಡೀಸೆಲ್ ತಟ್ಟೆಯಲ್ಲಿ ತೊಳೆದು, ಬೇರಿಂಗಿಗೆ ಹಾಕುವ ಹಳದಿ ಗ್ರೀಸು ಮೆತ್ತಿದರು. ಪ್ಯಾಡನ್ನು ಮುಂದಕ್ಕೆ ತಳ್ಳುವ ಪಿಸ್ಟನ್ನನ್ನು ವಾಪಸ್ ಒಳಗೆ ತಳ್ಳಿದಾಗ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಪೇಂಟಿನ ಮೇಲೆ ಚೆಲ್ಲಿತು. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟು ಏಳುತ್ತೆ. ಈಗಲೂ ಅಲ್ಲೊಂದು ಅಂಗೈಯಗಲ ಕಲೆ ಇದೆ.

ಇವೆಲ್ಲ ಸಣ್ಣವು. ದೊಡ್ಡದು ಏರ್ ತೆಗೆಯುವಾಗ, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯನ್ನು ಆಯಿಲ್ ಸುರಿದು ಹೊರಹಾಕುವಾಗ ಆಯಿತು.

ಹೆಲ್ಪರ್ ಹುಡುಗ ಕಪಾಟಿನಿಂದ ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ತಂದ. ಮೇಲೆ ಚೀಟಿ ಇಲ್ಲ, ಏನಿಲ್ಲ. ಒಳಗೆ ಮುಕ್ಕಾಲು ಭಾಗ ಆಯಿಲ್. ಬಣ್ಣ ಕೆಂಪು, ನೀರು ಜಾಸ್ತಿ ಹಾಕಿದ ಶರಬತ್ತಿನ ಥರ. ನಾನು ಇಷ್ಟು ವರ್ಷದಲ್ಲಿ ನೋಡಿದ ಬ್ರೇಕ್ ಆಯಿಲ್ ಎಲ್ಲ ತಿಳಿ ಹಳದಿ.

"ಇದೇನಪ್ಪ ಕೆಂಪಗಿದೆ?" ಅಂದೆ.

"ಎಲ್ಲಾ ಒಂದೇ ಅಣ್ಣ, ಇದು ಹೊಸ ಥರದ್ದು" ಅಂದ.

ನಾನು ಸುಮ್ಮನಾದೆ. ಮಧ್ಯಾಹ್ನ ಎರಡಕ್ಕೆ ಗುಡ್ಡದ ಬುಡದಲ್ಲಿ ಹುಡುಗರು ಕಾಯುತ್ತಿದ್ದರು. ಅದೇ ಬಾಟಲಿಯಿಂದ ಸುರಿದು ಸುರಿದು ನಾಲ್ಕೂ ಚಕ್ರದ ಏರ್ ತೆಗೆದರು. 2,800 ರೂಪಾಯಿ ಕೊಟ್ಟು ಬಂದೆ.

ಬ್ರೇಕ್ ಹೇಗಿತ್ತು ಅಂತೀರಾ? ಭರ್ಜರಿ. ಕಾಲಿಟ್ಟರೆ ಹಿಡಿಯುತ್ತಿತ್ತು. ಬುಧವಾರ ಫ್ಯಾನಿನ ಬುಡದಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿ ನ್ಯೂಟ್ರಲ್ ಮಾಡಿದೆ, ಹ್ಯಾಂಡ್ ಬ್ರೇಕ್ ಹಾಕೋದು ಮರೆತಿದ್ದೆ. ಗಾಡಿ ಉರುಳಲೇ ಇಲ್ಲ. 'ಆಹಾ, ಬ್ರೇಕ್ ಅಂದರೆ ಇದಪ್ಪ' ಅಂದುಕೊಂಡೆ. ಎಂಥ ದಡ್ಡ ನೋಡಿ. ಬ್ರೇಕ್ ತುಳಿಯದೇ ಇಳಿಜಾರಲ್ಲಿ ನಿಂತ ಗಾಡಿ, ಬ್ರೇಕ್ ಬಿಟ್ಟಿಲ್ಲ ಅಂತ ಕೂಗಿ ಹೇಳುತ್ತಿತ್ತು. ಗುರುವಾರ ಸುಟ್ಟ ವಾಸನೆ ಬಂತು. ಹೊಸ ಪ್ಯಾಡು, ಹಾಗೇ ಬರುತ್ತೆ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಡೀಸೆಲ್ ಮುಳ್ಳು ಬೇಗ ಇಳಿಯುತ್ತಿತ್ತು. ಅದಕ್ಕೂ ಏನೋ ಒಂದು ಕಾರಣ ಹುಡುಕಿಕೊಂಡೆ.

ಶುಕ್ರವಾರ ಸಂಜೆ ಇಳಿಯುವಾಗ ಹಿಂದೆ ನಾಲ್ಕು ಜನ, ಎರಡು ಟೂಲ್ ಪೆಟ್ಟಿಗೆ. ಸೆಕೆಂಡ್ ಗೇರಲ್ಲಿದ್ದೆ. ಮೂರನೇ ತಿರುವಿಗೆ ಮುಂಚೆ ಬ್ರೇಕ್ ತುಳಿದರೆ ಪೆಡಲ್ ಬೆಣ್ಣೆಯೊಳಗೆ ಇಳಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಇನ್ನೊಂದು ಸಲ ತುಳಿದೆ, ಫ್ಲೋರ್ ಮ್ಯಾಟಿಗೆ ತಾಗಿತು. ಪಟಪಟ ನಾಲ್ಕೈದು ಸಲ ಹೊಡೆದಾಗ ಅರೆಬರೆ ಹಿಡಿಯಿತು, ಗಾಡಿ ನಿಲ್ಲುವಷ್ಟು ಅಲ್ಲ. ಬಲಗಡೆ ಕಣಿವೆ, ಎಡಗಡೆ ಗುಡ್ಡ ಕಡಿದ ದರೆ. ಹೇಗೋ ಫಸ್ಟ್ ಗೇರಿಗೆ ಎಳೆದೆ. ಇಂಜಿನ್ ಅರಚಿಕೊಂಡಿತು. ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಜೀಪನ್ನು ಎಡಕ್ಕೆ ದರೆಗೆ ಒರಗಿಸಿಬಿಟ್ಟೆ. ಕರ್ರ್ ಅಂತ ಮೂವತ್ತು ಅಡಿ ಉಜ್ಜಿಕೊಂಡು ಹೋಗಿ ಕೆಂಪು ಮಣ್ಣಿನ ಗುಡ್ಡೆಯಲ್ಲಿ ಮೂತಿ ಹೂತು ನಿಂತಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಲೆ ಫ್ಯಾನು ಮಾತ್ರ ವೂಂ ವೂಂ ಅಂತ ತಿರುಗುತ್ತಿತ್ತು.

ಮುಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಒಬ್ಬ ಹುಡುಗ ನೀರಿನ ಕ್ಯಾನ್ ತಂದ, ನಾನೇ ಇಸಕೊಂಡು ಡಿಸ್ಕಿನ ಮೇಲೆ ಸುರಿದೆ. ಚುಂಯ್ ಅಂತು. ಹಾಗೆ ಮಾಡಬೇಡಿ. ಕೆಂಡದಂಥ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತೆ, ಸೀಳಲೂಬಹುದು. ಸುಮ್ಮನೆ ದೂರ ನಿಂತು ಆರಲು ಬಿಡಬೇಕು.

ಇಲ್ಲೊಂದು ಮೋಸ ಇದೆ, ಗಮನಿಸಿ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ವಾಪಸ್ ಬಂದಿತ್ತು! ಏನೂ ಆಗಿಯೇ ಇಲ್ಲವೇನೋ ಅನ್ನೋ ಥರ. ಹುಡುಗರನ್ನು ನಡೆದುಕೊಂಡು ಬರಲು ಹೇಳಿ, ನಾಲ್ಕೂ ಚಕ್ರ ನಿಧಾನಕ್ಕೆ ಎಳೆಯುವ ಫೋರ್ ಲೋ ಹಾಕಿ, ಫಸ್ಟ್ ಗೇರಲ್ಲಿ, ಬ್ರೇಕ್ ಮುಟ್ಟದೇ ತೆವಳಿಕೊಂಡು ಇಳಿದೆ. ಸೀದಾ ಆ ಗ್ಯಾರೇಜಿಗೆ ಹೋದೆ. ಓನರು ಪೆಡಲ್ ತುಳಿದು ನೋಡಿ, "ಎಲ್ಲಿ ಅಣ್ಣ, ಕಲ್ಲಿನಂಗೈತಲ್ಲ. ಇಳಿಜಾರಲ್ಲಿ ಬ್ರೇಕ್ ಜಾಸ್ತಿ ತುಳಿದಿದ್ದೀರ, ಬಿಸಿಯಾಗೈತೆ" ಅಂದ. ನಾನೂ ಮುಕ್ಕಾಲು ಪಾಲು ನಂಬಿದ್ದೆ. ರಾತ್ರಿ ನಮ್ಮ ಮಾಮೂಲಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದರೆ, "ಅಣ್ಣ, ಆ ಗಾಡಿ ಸ್ಟಾರ್ಟ್ ಮಾಡಬೇಡಿ. ಲಾರಿಗೆ ಹೇರಿಸಿ ದಾವಣಗೆರೆಗೆ ನಮ್ಮ ಯಜಮಾನ್ರ ಹತ್ತಿರ ಕಳಿಸಿ" ಅಂದ. ಅವನಿಗೆ ಕೆಲಸ ಕಲಿಸಿದವರು ಅವರು.

ಸುಮಾರು 60 ಕಿ.ಮೀ. ಜೀಪು ಲಾರಿ ಮೇಲೆ, ನಾನು ಲಾರಿ ಕ್ಯಾಬಿನ್ನಲ್ಲಿ.

ಯಜಮಾನ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಜಾಕ್ ಹುಡುಕುತ್ತಿದ್ದೆ. "ಚಕ್ರ ಆಮ್ಯಾಲೆ ಬಿಚ್ಚಾಣ ತಮ್ಮ, ಮೊದ್ಲು ಬಾನೆಟ್ ಎತ್ತು" ಅಂದರು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿದರು. ಮುಚ್ಚಳದ ಒಳಗಿನ ರಬ್ಬರ್ ಅದಕ್ಕೇ ಅಂಟಿಕೊಂಡು ಬರಬೇಕಿತ್ತು. ಅದು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಅಂಚೆಲ್ಲ ಸುರುಳಿಯಾಗಿ ಹೊರಗೆ ಜೋತುಬಿತ್ತು. ವಾಪಸ್ ಕೂರಿಸಲು ಹೋದರೆ ಕೂರಲೇ ಇಲ್ಲ, ಅಷ್ಟು ದೊಡ್ಡದಾಗಿತ್ತು.

ಆಮೇಲೆ ಟೀ ಕುಡಿಯುವ ಗಾಜಿನ ಲೋಟಕ್ಕೆ ಅರ್ಧ ನೀರು ಹಾಕಿ, ಡಬ್ಬಿಯಿಂದ ಸಿರಿಂಜಲ್ಲಿ ಸ್ವಲ್ಪ ಆಯಿಲ್ ಎಳೆದು ಬಿಟ್ಟರು. ಪಕ್ಕದ ಇನ್ನೊಂದು ಲೋಟಕ್ಕೆ ಹೊಸ ಬ್ರೇಕ್ ಆಯಿಲ್. ಹೊಸದು ಸಕ್ಕರೆ ಕರಗಿದ ಹಾಗೆ ನೀರಲ್ಲಿ ಕರಗಿಹೋಯಿತು. ನನ್ನ ಗಾಡಿಯದ್ದು ಸ್ವಲ್ಪ ಕರಗಿ, ಉಳಿದದ್ದು ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ ಕೆಂಪಗೆ ಉಂಗುರ ಉಂಗುರವಾಗಿ ತೇಲಿತು.

"ಪವರ್ ಸ್ಟೇರಿಂಗ್ ಆಯಿಲ್ ಇದು" ಅಂದರು. ನಾನು ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿದರು. ಕೆಂಪು ಬಾಟಲಿ, ಹಳದಿ ಗ್ರೀಸಿನ ಡಬ್ಬ, ಪೈಪಿಗೆ ನೇತಾಡುವ ಕ್ಯಾಲಿಪರ್. ಮೂರೂ ಒಂದೇ ಫೋಟೋದಲ್ಲಿ. ತಲೆ ಅಲ್ಲಾಡಿಸಿ ಮೊಬೈಲ್ ವಾಪಸ್ ಕೊಟ್ಟರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಾವು ಬ್ರೇಕ್ ಆಯಿಲ್ ಅಂತೀವಿ, ನಿಜವಾಗಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯದ್ದು, ನೀರಿನ ಜೊತೆ ಬೆರೆಯುತ್ತೆ. ಬ್ರೇಕಿನ ಒಳಗಿರುವ ರಬ್ಬರ್ ಸೀಲುಗಳು ಅದಕ್ಕೆ ಹೊಂದುವಂಥವು. ಇಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಮಾಮೂಲಿ ಗ್ರೀಸು, ಇವುಗಳಲ್ಲಿ ಯಾವುದು ತಾಗಿದರೂ ಆ ರಬ್ಬರ್ ಉಬ್ಬುತ್ತೆ. ಪೆಡಲ್ ತುಳಿದಾಗ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸಣ್ಣ ತೂತು ಇದೆ. ಕಾಲು ತೆಗೆದಾಗ ಒತ್ತಡ ಆ ತೂತಿನಿಂದಲೇ ಡಬ್ಬಿಗೆ ವಾಪಸ್ ಹೋಗಬೇಕು. ಉಬ್ಬಿದ ರಬ್ಬರ್ ಅದನ್ನು ಮುಚ್ಚಿತು. ಒತ್ತಡ ಒಳಗೇ ಉಳಿಯಿತು. ನಾಲ್ಕೂ ಚಕ್ರ ಸದಾ ಅರ್ಧ ಬ್ರೇಕ್ ಹಿಡಿದುಕೊಂಡೇ ಓಡಿದವು. ಕಾದವು. ಕೊನೆಗೆ ಒಳಗಿನ ಆಯಿಲ್ ಕುದಿದು ಆವಿಯಾಯಿತು. ಆವಿಯನ್ನು ತುಳಿದರೆ ಅದು ಮುದುಡಿಕೊಳ್ಳುತ್ತೆ ಅಷ್ಟೇ, ಪ್ಯಾಡಿಗೆ ಒತ್ತಡ ಹೋಗುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ ಆಗುತ್ತೆ, ಪೆಡಲ್ ವಾಪಸ್ ಬರುತ್ತೆ. ಗ್ಯಾರೇಜಿನ ಓನರಿಗೆ ಸಿಕ್ಕಿದ್ದು ಆ ತಣ್ಣಗಿನ ಪೆಡಲ್.

ಇದರಲ್ಲಿ ನನ್ನ ಪಾಲೂ ಇದೆ. ನಾಲ್ಕು ವರ್ಷದಿಂದ ಬ್ರೇಕ್ ಆಯಿಲ್ ಬದಲಾಯಿಸಿರಲಿಲ್ಲ, ಕಡಿಮೆ ಆದಾಗ ಮೇಲೆ ಸುರಿಯೋದು ಅಷ್ಟೇ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3, ಡಾಟ್ 4 ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಲೆಕ್ಕ. ತೇವ ಕುಡಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205 ಮತ್ತು 140. ಗುಡ್ಡ ಇಳಿಯುವ ಗಾಡಿಗೆ ಈ ವ್ಯತ್ಯಾಸ ಜಾಸ್ತಿಯೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸು ಅಂದರು. ಡಾಟ್ 5 ಅಂತ ಬರೆದದ್ದು ಸಿಲಿಕೋನಿನದ್ದು, ಅದನ್ನು ಇದರ ಜೊತೆ ಸೇರಿಸುವ ಹಾಗೇ ಇಲ್ಲ.

ಆಯಿಲ್ ಚೆಲ್ಲಿ ಹೊಸದು ಹಾಕಿದರೆ ಸಾಕಾಗಲ್ವಾ ಅಂತ ಕೇಳಿದೆ. ಕಾಸು ಉಳಿಸುವ ಆಸೆ. ಯಜಮಾನ್ರು ಉತ್ತರ ಕೊಡದೆ ಕ್ಯಾಲಿಪರಿನ ಪಿನ್ ಎಳೆಯಲು ಹೇಳಿದರು. ಎರಡೂ ಕೈಯಲ್ಲಿ ಎಳೆದರೂ ಬರಲಿಲ್ಲ. ಅದರ ರಬ್ಬರ್ ಬೂಟು ಊದಿ ಪಿನ್ನನ್ನು ಕಚ್ಚಿ ಹಿಡಿದಿತ್ತು. ಬೆರಳಿಂದ ಒರೆಸಿದರೆ ಹಳದಿ ಗ್ರೀಸು, ಗುಡ್ಡದ ಕೆಂಪು ಧೂಳು ಎರಡೂ ಸೇರಿ ಗಟ್ಟಿ ಉಂಡೆಯಾಗಿತ್ತು. ಮತ್ತೆ ನಾನು ಕಾಸಿನ ಮಾತೆತ್ತಲಿಲ್ಲ.

ಮಾಸ್ಟರ್ ಸಿಲಿಂಡರ್, ಎರಡು ಕ್ಯಾಲಿಪರಿನ ಸೀಲ್ ಕಿಟ್, ಹಿಂದಿನ ಎರಡು ವೀಲ್ ಸಿಲಿಂಡರ್, ರಬ್ಬರ್ ಪೈಪು ಎಲ್ಲಾ ಹೊಸದು. ಸೋಮವಾರವಷ್ಟೇ ಹಾಕಿಸಿದ ಪ್ಯಾಡು ಗಾಜಿನ ಥರ ಹೊಳೆಯುತ್ತಿತ್ತು, ಅದೂ ಹೋಯಿತು. ಡಿಸ್ಕ್ ನೀಲಿ ತಿರುಗಿ ಸೊಟ್ಟಗಾಗಿತ್ತು. ಲೇತಿಗೆ ಹಾಕಿಸೋಣ ಅಂದೆ. ಡಿಸ್ಕಿನ ಅಂಚಲ್ಲೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ವರ್ನಿಯರ್ ಹಿಡಿದು ನೋಡಿದರು. ಲೇತಿಗೆ ಕೊಟ್ಟರೆ ಅದಕ್ಕಿಂತ ಕೆಳಗೆ ಹೋಗುತ್ತಿತ್ತು. ಜೋಡಿ ಡಿಸ್ಕೂ ಹೊಸದು. ಒಟ್ಟು 18,600.

ಕೆಲಸ ಮಾತ್ರ ನೋಡುವ ಹಾಗಿತ್ತು. ಪಿನ್ನಿಗೆ ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸು, ಸಾಸಿವೆಯಷ್ಟು. ಆಯಿಲ್ ಡಬ್ಬ ನನ್ನ ಕೈಗೆ ಕೊಟ್ಟು ಸೀಲ್ ನನ್ನಿಂದಲೇ ಒಡೆಸಿದರು. ಏರ್ ತೆಗೆದದ್ದು ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. "ತುಳಿ... ಹಿಡ್ಕೋ... ಬಿಡು" ಅಂತ ಅವರು ಕೆಳಗಿನಿಂದ ಕೂಗುವುದು, ನಾನು ಒಳಗೆ ತುಳಿಯುವುದು. ಕಾಲು ಜೋಮು ಹಿಡಿಯಿತು. ಕೊನೆಗೆ ಗಾಡಿ ಸ್ಟಾರ್ಟ್ ಮಾಡಲು ಹೋದರೆ ಕೀಲಿ ಮೇಲೆ ಕೈ ಇಟ್ಟು ತಡೆದರು. ಪ್ಯಾಡ್ ಬದಲಾಯಿಸಿದ ಮೇಲೆ ಪೆಡಲ್ ಗಟ್ಟಿಯಾಗುವ ತನಕ ನಿಂತಲ್ಲೇ ತುಳಿಯಬೇಕು, ಇಲ್ಲದಿದ್ದರೆ ಮೊದಲನೇ ಬ್ರೇಕೇ ಸಿಗುವುದಿಲ್ಲ. ಆಮೇಲೆ ಊರ ಹೊರಗೆ ಖಾಲಿ ರಸ್ತೆಯಲ್ಲಿ ವೇಗವನ್ನು 50ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವ ಹಾಗೆ ಕೂರಿಸಿದೆವು.

ಆಮೇಲೆ ಆ ಹೈವೇ ಪಕ್ಕದ ಗ್ಯಾರೇಜಿಗೆ ಹೋದೆ. ಜಗಳಕ್ಕೇ ಹೋಗಿದ್ದೆ, ಸುಳ್ಳೇಕೆ. ಉಬ್ಬಿದ ಮುಚ್ಚಳದ ರಬ್ಬರ್ ಮೇಜಿನ ಮೇಲಿಟ್ಟೆ. ಓನರು ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಮುಖ ಬಿಳಿಚಿಕೊಂಡಿತು. 2,800 ವಾಪಸ್ ಕೊಟ್ಟ. ಬಾಟಲಿ ಇನ್ನೂ ಕಪಾಟಿನಲ್ಲೇ ಇತ್ತು, ಅರ್ಧಕ್ಕಿಂತ ಕಡಿಮೆ. ನನ್ನ ಜೀಪಿಗೆ ಅಷ್ಟು ಹೋಗಿರಲಿಲ್ಲ.

"ಇನ್ಯಾವ ಗಾಡಿಗೆ ಹಾಕಿದೆಯೋ?" ಅಂತ ಹುಡುಗನನ್ನು ಕೇಳಿದೆ. ಅವನು ಹದಿನೆಂಟರ ಹುಡುಗ, ಅಳುವ ಹಾಗಾಗಿದ್ದ. ಒಂದು ಸ್ಕೂಲ್ ವ್ಯಾನು ಅಂದ. ಓನರು ನನ್ನೆದುರೇ ಆ ಡ್ರೈವರಿಗೆ ಫೋನ್ ಮಾಡಿದ. ವ್ಯಾನು ಮನೆ ಮುಂದೆ ನಿಂತಿತ್ತು, ಅಲ್ಲೇ ನಿಲ್ಲಿಸಿದರು. ಇನ್ನೊಂದು ಒಂದು ಬಿಳಿ ಪಿಕಪ್. ನಂಬರ್ ಬರೆದುಕೊಂಡಿಲ್ಲ, ಫೋನ್ ನಂಬರೂ ಇಲ್ಲ. ಹಿಂದೆ ಅಡಿಕೆ ಚೀಲ ಇದ್ದವು, ಭೀಮಸಮುದ್ರದ ಕಡೆ ಹೊರಟಿದ್ದೀನಿ ಅಂದಿದ್ದರಂತೆ. ಅಷ್ಟೇ ಅವನಿಗೆ ನೆನಪಿರುವುದು.

ಈ ಆಷಾಢದಲ್ಲಿ ಚಿತ್ರದುರ್ಗದ ಹೈವೇ ಪಕ್ಕ ಬ್ರೇಕ್ ಕೆಲಸ ಮಾಡಿಸಿದ ಬಿಳಿ ಪಿಕಪ್ ನಿಮ್ಮದಾಗಿದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ಈಗಲೇ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ರಬ್ಬರ್ ನೋಡಿ. ಉಬ್ಬಿದ್ದರೆ ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬೇಡಿ. ಹೇರಿಸಿಕೊಂಡು ಹೋಗಿ.