ವಿದ್ಯಾನಗರದ ಗಣಿತ ಟ್ಯೂಷನ್: ಮೂರು ತಿಂಗಳ ಅನುಭವ
ಮಗಳು ಏಳನೇ ಕ್ಲಾಸು. ಕೂಡೋದು ಕಳೆಯೋದು ಚೆನ್ನಾಗೇ ಬರುತ್ತೆ, ಅದನ್ನೇ ವಾಕ್ಯದಲ್ಲಿ ಕೊಟ್ರೆ ಕಂಗಾಲು. ದಾವಣಗೆರೆ ವಿದ್ಯಾನಗರದಲ್ಲಿ ಮನೇಲೇ ಪಾಠ ಹೇಳೋ ನಿವೃತ್ತ ಮೇಷ್ಟ್ರ ಹತ್ರ ಕಳಿಸ್ತಿದ್ದೀನಿ.

ಅವರು ಮೊದಲು ಪೆನ್ಸಿಲ್ ಮುಟ್ಟೋಕೇ ಬಿಡಲ್ಲ. ಲೆಕ್ಕ ಎರಡು ಸಲ ಓದಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಸ್ವಂತ ಮಾತಲ್ಲಿ ಹೇಳಬೇಕು. ಗಂಟೆಗೆ 40 ಕಿ.ಮೀ. ಹೋಗೋ ಬಸ್ಸು 90 ನಿಮಿಷದಲ್ಲಿ ಎಷ್ಟು ದೂರ ಹೋಗುತ್ತೆ? ಇವಳು ಎರಡನ್ನೂ ಗುಣಿಸಿ 3600 ಅಂದಿದ್ಳು. ಮೇಷ್ಟ್ರು ಬೈಲಿಲ್ಲ. "ಒಂದೂವರೆ ಗಂಟೇಲಿ ಇಲ್ಲಿಂದ ಎಲ್ಲಿಗೆ ಹೋಗ್ತೀಯವ್ವಾ?" ಅಂದ್ರಂತೆ. "ದುರ್ಗಕ್ಕೆ" ಅಂದವಳೇ, ನಿಮಿಷವನ್ನ ಗಂಟೆ ಮಾಡಿ 60 ಅಂತ ತಾನೇ ತಿದ್ಕೊಂಡ್ಳು. ಅವತ್ತು ಮನೆಗೆ ಬಂದು ಅವಳು ಅದನ್ನ ಹೇಳಿದ ಖುಷಿ ನಾನು ಮರೆಯಲ್ಲ.

ಶೇಕಡಾ ಲೆಕ್ಕವೂ ಹಾಗೇ. 500 ರೂಪಾಯಿ ಸೀರೆಗೆ ಶೇ. 10 ಏರಿಸಿ, ಮತ್ತೆ ಶೇ. 10 ಇಳಿಸಿದ್ರೆ 495. ಇಳಿಸೋದು 550ರ ಮೇಲೆ ಅಲ್ವಾ! ತಪ್ಪುಗಳಿಗೇ ಒಂದು ಬೇರೆ ನೋಟ್‌ಬುಕ್ ಇಡಿಸಿದ್ದಾರೆ, ಶನಿವಾರ ಅದನ್ನಷ್ಟೇ ಮತ್ತೆ ಬಿಡಿಸೋದು.

ಕೊರತೆ ಅಂದ್ರೆ ಜಾಗ. ಒಂದೇ ಕೋಣೇಲಿ 18 ಮಕ್ಕಳು, ಹಿಂದೆ ಕೂತೋರಿಗೆ ಬೋರ್ಡು ಸರಿಯಾಗಿ ಕಾಣಲ್ಲ. ಎರಡು ಬ್ಯಾಚ್ ಮಾಡಿ ಅಂತ ಕೇಳಿದ್ದೀನಿ. ತಿಂಗಳಿಗೆ 600 ರೂಪಾಯಿ, ಮುಂದಿನ ವರ್ಷವೂ ಇಲ್ಲಿಗೇ ಕಳಿಸ್ತೀನಿ.