ಎಂಜಿಬಿ ಕಾರು ಕೊಳ್ಳುವ ಮುನ್ನ: ತುಮಕೂರಿನ ಗ್ಯಾರೇಜೊಂದರ ತಪಾಸಣೆ

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಬಳಿಯಿರುವ ಈ ಸಣ್ಣ ಗ್ಯಾರೇಜಿಗೆ 1971ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತಯಾರಿಕೆಯ, ತೆರೆದ ಮೇಲ್ಭಾಗದ ಎರಡು ಸೀಟಿನ ಕಾರು) ಒಂದನ್ನು ಕೊಳ್ಳುವ ಮೊದಲು ತಪಾಸಣೆಗೆ ಒಯ್ದಿದ್ದೆ. ಮೇಸ್ತ್ರಿಗಳು ಹೊಳೆಯುವ ಕೆಂಪು ಬಣ್ಣಕ್ಕೆ ಮರುಳಾಗದೆ ನೇರವಾಗಿ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಪಟ್ಟಿಗಳಾದ ಸಿಲ್‌ಗಳಿಗೆ ಅಯಸ್ಕಾಂತ ಹಿಡಿದರು. ಈ ಕಾರಿಗೆ ಪ್ರತ್ಯೇಕ ಚಾಸಿ (ಅಡಿ ಚೌಕಟ್ಟು) ಇಲ್ಲದೆ ಬಾಡಿಯೇ ಭಾರವನ್ನೆಲ್ಲ ಹೊರುವುದರಿಂದ, ಸಿಲ್ ತುಕ್ಕು ಹಿಡಿದರೆ ಬೆನ್ನೆಲುಬೇ ಸಡಿಲವಾದಂತೆ. ಎಡಬದಿಯಲ್ಲಿ, ಹಿಂದಿನ ಚಕ್ರದ ಹತ್ತಿರ ಅಯಸ್ಕಾಂತ ಅಂಟದೆ ಜಾರಿತು. ಬಣ್ಣದಡಿ ಪುಟ್ಟಿ ಮೆತ್ತಿದ್ದು ಬಯಲಾಯಿತು. ಜಾಕ್ ಕೊಟ್ಟು ಎತ್ತಿದಾಗ ಬಾಗಿಲ ಸಂದು ಕಿರಿದಾಗುವುದನ್ನೂ, ಅಂದರೆ ಬಾಡಿ ಬಾಗುತ್ತಿರುವುದನ್ನೂ, ಅವರು ಬೆರಳಿಟ್ಟು ತೋರಿಸಿದರು. ಮಾರುವವರ ಮುಖ ಆಗ ನೋಡುವಂತಿತ್ತು.

1798 ಸಿಸಿ ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಹೆಚ್ಚುಕಡಿಮೆ ಸಮನಾಗಿತ್ತು, ಅದು ಒಳ್ಳೆಯ ಲಕ್ಷಣ. ಪೆಟ್ರೋಲಿಗೆ ಗಾಳಿ ಬೆರೆಸುವ ಜೋಡಿ ಎಸ್‌ಯು ಕಂಪನಿಯ ಕಾರ್ಬುರೇಟರುಗಳಿಗೆ ಟ್ಯೂನಿಂಗ್ ಸಾಕು. ಆರ್‌ಸಿಯಲ್ಲಿನ ಸಂಖ್ಯೆಗಳನ್ನು ಎಂಜಿನ್ ಮತ್ತು ಬಾಡಿಯ ಮೇಲಿನವುಗಳೊಂದಿಗೆ ತಾಳೆ ನೋಡಿದ್ದಲ್ಲದೆ, 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ದೊರೆಯುವುದನ್ನೂ, ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲವೆಂಬುದನ್ನೂ ವಿವರಿಸಿದರು.

ಕೊರತೆಯೆಂದರೆ, ಲಿಖಿತ ವರದಿ ಕೊಡುವ ಪದ್ಧತಿ ಇಲ್ಲಿಲ್ಲ. ಸಿಲ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಮಾರುವವರನ್ನು ಒಪ್ಪಿಸಲು, ಮೇಸ್ತ್ರಿಗಳ ಅಂದಾಜನ್ನು ನಾನೇ ಚೀಟಿಯಲ್ಲಿ ಬರೆದು ಮೇಸ್ತ್ರಿಗಳ ಸಹಿ ಪಡೆಯಬೇಕಾಯಿತು.